ಕಾಫಿ-ಗೀಫಿ ಬೇರೆ, ಕಾಫಿ-ಶ್ಮಾಫಿ ಬೇರೆ

ಮೊನ್ನೆ ಊರಿಂದ ನ್ಯೂಯಾರ್ಕಿಗೆ ಹೊಸದಾಗಿ ಬಂದ ಹುಡುಗನೊಬ್ಬ ನಮ್ಮನೇಲಿ ಊಟಕ್ಕೆ ಕೂತಿದ್ದ. "ಮ್ಯಾನೇಜರ್‌ಗೆ 'ಡೆಡ್‌ಲೈನ್-ಶ್ಮೆಡ್‌ಲೈನ್ ನಾನು ನೋಡ್ಕೋತೀನಿ' ಅಂದೆ ಸಾರ್, ಯಾಕೋ ಮುಖ ಗಂಟು ಹಾಕ್ಕೊಂಡ್ರು" ಅಂದ. ಬಡಿಸುತ್ತಿದ್ದ ನನ್ನ ಸೌಟು ಅಲ್ಲೇ ನಿಂತಿತು. ನಾನು ಬಿದ್ದ ಹಳ್ಳವೇ ಅದು.

1880ರ ದಶಕದಿಂದ 1924ರ ವಲಸೆ ಕಾಯ್ದೆವರೆಗೆ ಪೂರ್ವ ಯೂರೋಪಿನ 20 ಲಕ್ಷಕ್ಕೂ ಹೆಚ್ಚು ಯಹೂದಿಗಳು ಅಮೆರಿಕಕ್ಕೆ ಬಂದರು. ಅವರ ಯಿಡ್ಡಿಷ್ ಭಾಷೆ ನ್ಯೂಯಾರ್ಕಿನ ಇಂಗ್ಲಿಷಿಗೆ ಅಂಟಿಕೊಂಡುಬಿಟ್ಟಿದೆ. ಶ್ಲೆಪ್ ಅಂದರೆ ಮೂಟೆ ಹೊತ್ತು ಏದುಸಿರು ಬಿಡೋದು, ಕ್ವೆಚ್ ಅಂದರೆ ಗೊಣಗೋದು, ಮೆನ್ಶ್ ಅಂದರೆ ಮನುಷ್ಯತ್ವ ಇರೋನು. ಇವೆಲ್ಲ ವಾರದಲ್ಲಿ ಬಾಯಿಗೆ ಬರುತ್ತವೆ. ಶ್ಮಕ್ ಮಾತ್ರ ಹಿರಿಯರ ಮುಂದೆ ಬೇಡವೇ ಬೇಡ. ಮೂಲದಲ್ಲಿ ಅದು ಗಂಡಸಿನ ಅಂಗದ ಹೆಸರು.

ನನ್ನನ್ನು ಕೆಡವಿದ್ದು ಅದೇ ಯಿಡ್ಡಿಷಿನಿಂದ ಬಂದ, ಪದವನ್ನು ಎರಡನೇ ಸಲ ಹೇಳುವಾಗ ಮುಂದೆ ಅಂಟಿಸೋ 'ಶ್ಮ್'. ಸಹೋದ್ಯೋಗಿ "ಮೀಟಿಂಗ್-ಶ್ಮೀಟಿಂಗ್" ಅಂದಾಗ, ಅರೆ, ಇವರಲ್ಲೂ ನಮ್ಮ 'ಗಿ' ಇದೆ ಅಂತ ಹಿಗ್ಗಿದೆ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಮನೆ ನೋಡಿ ಒಪ್ಪಿ, ಮಾಲೀಕರಾದ ಮುದುಕರಿಗೆ ಸಲುಗೆಯಿಂದ "ಲೀಸ್-ಶ್ಮೀಸ್, ಡೆಪಾಸಿಟ್-ಶ್ಮಿಪಾಸಿಟ್, ಈ ವಾರದಲ್ಲೇ ಮುಗಿಸೋಣ" ಅಂದೆ. ಅವರು ತೆರೆದಿದ್ದ ಪೆನ್ನಿಗೆ ಕ್ಯಾಪ್ ಹಾಕಿದರು. ನಾನು ಹೇಳಿದ್ದು ಲೀಸು, ಡೆಪಾಸಿಟ್ಟು, ಮತ್ತೇನೇನಿದೆಯೋ ಎಲ್ಲಾ ಅಂತ. ಅವರಿಗೆ ಕೇಳಿದ್ದು, ಲೀಸಂತೆ, ಡೆಪಾಸಿಟ್ಟಂತೆ, ಯಾವನಿಗೆ ಬೇಕು ಅಂತ! ಮನೆ ಬೇರೆಯವರ ಪಾಲಾಯಿತು. ಒಂಬತ್ತು ರಾತ್ರಿ ಮೋಟೆಲ್, 1,100 ಡಾಲರ್ ಖೋತಾ. ಕಾರಣ ತಿಳಿದದ್ದು ಎಷ್ಟೋ ತಿಂಗಳ ಮೇಲೆ, ಅದೇ ಸಹೋದ್ಯೋಗಿ ನಕ್ಕೂ ನಕ್ಕೂ ಬಿಡಿಸಿ ಹೇಳಿದಾಗ.

ನನ್ನ ಕೇಳಿದರೆ ನಮ್ಮ ಏರ್ಪಾಟೇ ಮೇಲು. "ಕಾಫಿ-ಗೀಫಿ ಆಯ್ತಾ?" ಅಂದರೆ ಚಕ್ಕುಲಿ, ಬಾಳೆಹಣ್ಣಿಗೂ ಜಾಗ ಇದೆ. "ಕಾಫಿ-ಶ್ಮಾಫಿ" ಅಂದರೆ ಆ ಕಾಫಿಯೇ ಮೋರಿಗೆ. "ದೆವ್ವ-ಗಿವ್ವ ಎಲ್ಲಾ ಸುಳ್ಳು" ಅಂತ ನಾವೂ ತಳ್ಳಿಹಾಕುತ್ತೇವಲ್ಲ ಅನ್ನಬಹುದು. ಅಲ್ಲಿ ತಳ್ಳುವ ಕೆಲಸ ಬಹಳಮಟ್ಟಿಗೆ 'ಸುಳ್ಳು' ಅನ್ನೋ ಮಾತಿನದು. 'ಶ್ಮ್' ಒಂಟಿಯಾಗಿಯೇ ಕತ್ತು ಹಿಡಿದು ನೂಕುತ್ತೆ. ಹಾಗಾಗಿ ಬಾಸು, ಬಾಡಿಗೆ, ವೀಸಾ ಈ ಮೂರರ ಹತ್ತಿರ ಅದನ್ನು ಸುಳಿಯಗೊಡಬೇಡಿ.

ಹುಡುಗನಿಗೆ, ಕೆಲಸ ಮುಗಿಸೋ ತಾರೀಖು ಬರೆದು ಮ್ಯಾನೇಜರ್‌ಗೆ ಇವತ್ತೇ ಒಂದು ಮೇಲ್ ಹಾಕು ಅಂದೆ.

"ಅಯ್ಯೋ, ಮೇಲ್-ಗೀಲ್ ಎಲ್ಲಾ ಯಾಕೆ ಸಾರ್?" ಅಂದ.