ಇಳಿತದ ಹೊತ್ತಿಗೆ ಕಾರ್ಟರ್ ರೋಡ್‌ನಲ್ಲಿ

ಎಂ.ಎಸ್ಸಿ. ಮೊದಲ ಸೆಮಿಸ್ಟರ್‌ನಲ್ಲಿ ಯಾರು ಕರೆದರೂ ಹೆಸರು ಕೊಟ್ಟುಬಿಡುತ್ತಿದ್ದೆ. ಸೆಮಿನಾರ್ ಸಮಿತಿ, ಭಿತ್ತಿಪತ್ರಿಕೆ, ಸಾಂಸ್ಕೃತಿಕ ಸಂಘ, ಪರಿಸರ ಕ್ಲಬ್. ಸರ್ಟಿಫಿಕೇಟ್ ಬಂದವು, ಕಲಿತದ್ದು ಕಡಿಮೆ. ಎರಡನೇ ಸೆಮಿಸ್ಟರ್‌ಗೆ ಎಲ್ಲ ಬಿಟ್ಟು ಒಂದನ್ನೇ ಹಿಡಿದೆ. ಅದು ಸಮುದ್ರ ದಂಡೆಯ ನಡಿಗೆ.

2017ರಲ್ಲಿ ಶುರುವಾದ, ಮುಂಬೈ ದಂಡೆಯ ಕಡಲ ಜೀವಿಗಳನ್ನು ಜನರಿಗೆ ತೋರಿಸುವ ಮರೈನ್ ಲೈಫ್ ಆಫ್ ಮುಂಬೈ ತಂಡದ ಜೊತೆ ಬಾಂದ್ರಾದ ಕಾರ್ಟರ್ ರೋಡ್‌ಗೆ ಮೊದಲ ಸಲ ಹೋದೆ. ಬಂಡೆಯ ಮೇಲೆ ಹಸಿರು ಚಾಪೆ ಹಾಸಿದ ಹಾಗಿತ್ತು. ಪಾಚಿ ಅಂದುಕೊಂಡೆ. ಅವು ಜೋವಾಂಥಿಡ್‌ಗಳು, ಹವಳದ ಹತ್ತಿರದ ನೆಂಟರು. ನೀರು ಇಳಿದಾಗ ಬಾಯಿ ಮುಚ್ಚಿ ಕೂರುತ್ತವೆ. ಆ ಗುಂಪಿನ ಚಿತ್ರವನ್ನು ಪರೀಕ್ಷೆಯಲ್ಲಿ ಎಷ್ಟು ಸಲ ಬರೆದಿದ್ದೆ, ಎದುರಿಗಿದ್ದಾಗ ಗುರುತೇ ಹತ್ತಲಿಲ್ಲ. ಅವತ್ತೇ ನಿರ್ಧಾರ ಮಾಡಿದೆ, ತಿಂಗಳಿಗೆ ಎರಡು ಸಲ ಇಲ್ಲಿಗೆ ಬರಲೇಬೇಕು ಅಂತ.

ಎಲ್ಲಕ್ಕಿಂತ ಮುಖ್ಯ ಹೊತ್ತು ನೋಡುವುದು. ಮುಂಬೈಯಲ್ಲಿ ಕಡಲ ನೀರಿಗೆ ದಿನಕ್ಕೆ ಎರಡು ಇಳಿತ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಜಾಸ್ತಿ ದೂರ ಸರಿಯುತ್ತದೆ. ಉಬ್ಬರವಿಳಿತದ ಪಟ್ಟಿಯಲ್ಲಿ ಇಳಿತದ ನೀರಿನ ಮಟ್ಟ 1 ಮೀಟರಿಗಿಂತ ಕಡಿಮೆ ಇದ್ದರೆ ಮಾತ್ರ ಹೊರಡುತ್ತೇನೆ. ಒಂದು ಗಂಟೆ ಮೊದಲೇ ಬಂಡೆಗೆ ಇಳಿದು, ನೀರು ತಿರುಗಿದ ಕೂಡಲೇ ಮೇಲೆ ಬರುತ್ತೇನೆ. ಒಮ್ಮೆ ಫೋಟೋ ತೆಗೆಯುತ್ತ ಮೈಮರೆತೆ. ಎದ್ದು ನೋಡಿದರೆ ಹಿಂದಿನ ತಗ್ಗಿನಲ್ಲಿ ಮೊಣಕಾಲುದ್ದ ನೀರು! ಆಮೇಲಿಂದ ಫೋನ್‌ನಲ್ಲಿ ಅಲಾರಂ ಇಡದೆ ಇಳಿದಿಲ್ಲ. ಮಳೆಗಾಲದಲ್ಲಂತೂ ಹೋಗುವುದೇ ಇಲ್ಲ.

ಕಲ್ಲು ಎತ್ತಿ ನೋಡಿದರೆ ಹಾಗೇ ತಿರುಗಿಸಿ ಇಡಬೇಕು. ಜೀವಿಗಳನ್ನು ಮುಟ್ಟಬಾರದು. ಫೋಟೋಗಳನ್ನು ಐ-ನ್ಯಾಚುರಲಿಸ್ಟ್‌ಗೆ, ಅಂದರೆ ಜೀವಿಗಳನ್ನು ಗುರುತಿಸಿ ದಾಖಲಿಸುವ ಜಾಲತಾಣಕ್ಕೆ, ಹಾಕುತ್ತೇನೆ. ಗೊತ್ತಿರುವವರು ಯಾರೋ ಎಲ್ಲಿಂದಲೋ ನನ್ನ ತಪ್ಪು ತಿದ್ದುತ್ತಾರೆ. ಒಂದೇ ಜಾಗದ ಎಂಟು ತಿಂಗಳ ದಾಖಲೆ ಕೈಯಲ್ಲಿದ್ದುದರಿಂದ ಪ್ರಾಜೆಕ್ಟ್ ವಿಷಯಕ್ಕಾಗಿ ನಾನು ಹುಡುಕಾಡಲಿಲ್ಲ. ಆ ಬಂಡೆಗಳ ಏಡಿಗಳ ಮೇಲೆಯೇ ಮಾಡಿದೆ. ಗೈಡ್‌ಗೆ ಮೊದಲೇ ಹೇಳಿಟ್ಟಿದ್ದೆ. ಪರೀಕ್ಷೆಯ ತಿಂಗಳು ರಜೆ ಹಾಕುತ್ತಿದ್ದೆ. ಖರ್ಚು ಅಂದರೆ ಲೋಕಲ್ ರೈಲಿನ ಟಿಕೆಟ್ ಅಷ್ಟೇ.

ಆದರೆ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಬೇರೆಯೇ. ಅಂಧೇರಿಯಲ್ಲಿ ನಮ್ಮ ಅತ್ತೆಯ ಮನೆ ಹತ್ತಿರದ ಮಕ್ಕಳು ಕನ್ನಡ ಮಾಧ್ಯಮದವರು. ಒಂದು ಭಾನುವಾರ ಆರು ಮಕ್ಕಳನ್ನು ದೊಡ್ಡವರ ಜೊತೆ ಕರೆದುಕೊಂಡು ಹೋದೆ. "ಅಕಶೇರುಕ", ಅಂದರೆ ಬೆನ್ನುಮೂಳೆ ಇಲ್ಲದ ಪ್ರಾಣಿ, ಅಂತ ಪುಸ್ತಕದ ಪದದಿಂದ ಶುರು ಮಾಡಿದೆ. ಮಕ್ಕಳು ಮುಖ ಮುಖ ನೋಡಿಕೊಂಡರು. ತಪ್ಪು ನನ್ನದೇ ಅಲ್ವಾ? ಆ ರಾತ್ರಿ ಮಲ್ಪೆಯ ಅಜ್ಜಿಗೆ ಫೋನ್ ಮಾಡಿ ಒಂದೊಂದೇ ಫೋಟೋ ಕಳಿಸಿದೆ. ಅಜ್ಜಿಯ ತುಳುವಿನಲ್ಲಿ ಏಡಿಗೆ ಡೆಂಜಿ, ಸಿಗಡಿಗೆ ಎಟ್ಟಿ, ಆ ಚಿಪ್ಪು ಮರುವಾಯಿ. "ಇದೆಲ್ಲ ನಾವು ದಿನಾ ಕಂಡದ್ದೇ ಮಗಾ, ನೀನು ಈಗ ಕೇಳುತ್ತಿದ್ದೀಯಲ್ಲ" ಅಂದರು.

ಈಗ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಲ್ಯಾಟಿನ್, ಕನ್ನಡ, ತುಳು, ಮರಾಠಿ ಅಂತ ನಾಲ್ಕು ಕಾಲಂ. ಮರಾಠಿ ಹೆಸರುಗಳನ್ನು ಬಂಡೆಯ ಮೇಲೆ ಚಿಪ್ಪು ಬಿಡಿಸುವ ಕೋಲಿ (ಮೀನುಗಾರ ಸಮುದಾಯದ) ಮಾವಶಿ, ಅಂದರೆ ಚಿಕ್ಕಮ್ಮ, ಹೇಳಿಕೊಡುತ್ತಾರೆ. ಚಿಪ್ಪಿಲ್ಲದ ಒಂದು ಪುಟ್ಟ ಕಡಲ ಹುಳದ ಎದುರು ಮೂರು ಕಾಲಂ ಇನ್ನೂ ಖಾಲಿ. ಅಜ್ಜಿಗೂ ಗೊತ್ತಾಗಲಿಲ್ಲ. ಬರುವ ಅಮಾವಾಸ್ಯೆಗೆ ಮಾವಶಿಯನ್ನು ಕೇಳಬೇಕು.