ಡೆಂಗಿಯೋ ಝಿಕಾನೋ: ಪ್ಲಾಕ್ ಎಣಿಸಿ ಕಲಿತದ್ದು

ಲ್ಯಾಬಿಗೆ ಸೇರಿದ ಹೊಸದರಲ್ಲಿ ಎಲೈಸಾ (ರಕ್ತದಲ್ಲಿ ವೈರಸ್‌ನ ಪ್ರತಿಕಾಯ ಇದೆಯೇ ಎಂದು ಬಣ್ಣದಿಂದ ತೋರಿಸುವ ಪರೀಕ್ಷೆ) ಪ್ಲೇಟಿನಲ್ಲಿ ಹಳದಿ ಕಂಡರೆ ಮುಗಿಯಿತು, ಪಾಸಿಟಿವ್ ಅಂತ ಬರೆದುಬಿಡುತ್ತಿದ್ದೆ. ಒಂದು ದಿನ ಒಂದೇ ಸೀರಮ್ (ರಕ್ತದ ತಿಳಿ ಭಾಗ) ಡೆಂಗಿಗೂ ಹಳದಿ, ಝಿಕಾಗೂ ಹಳದಿ, ವೆಸ್ಟ್ ನೈಲ್‌ಗೂ ಹಳದಿ. ಮೂರೂ ಒಟ್ಟಿಗೆ ಬಂದಿರುತ್ತವೆಯೇ? ಕಿಟ್ ಕೆಟ್ಟಿದೆ ಅಂದುಕೊಂಡು ಮತ್ತೆ ಮಾಡಿದೆ. ಮತ್ತೆ ಅದೇ.

ಕಿಟ್ ಸರಿಯಾಗೇ ಇತ್ತು. ಇವೆಲ್ಲ ಫ್ಲೇವಿವೈರಸ್ ಎಂಬ ಒಂದೇ ಗುಂಪಿನ ದಾಯಾದಿ ವೈರಸ್‌ಗಳು. ಹೊರಕವಚದ ಇ ಪ್ರೋಟೀನಿನಲ್ಲಿ, ನಮ್ಮ ಕೋಶದ ಪೊರೆಗೆ ಬೆಸೆದುಕೊಳ್ಳುವ ತುದಿ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. ಅದಕ್ಕೆ ಅಂಟುವ ಪ್ರತಿಕಾಯಕ್ಕೆ ಅಣ್ಣ ಯಾರು, ತಮ್ಮ ಯಾರು ಗೊತ್ತಾಗುವುದಿಲ್ಲ. ಅದೇ ಪ್ರೋಟೀನಿನ ಮೂರನೆಯ ಖಂಡ (ಡೊಮೇನ್) ಮಾತ್ರ ಒಂದೊಂದರಲ್ಲಿ ಒಂದೊಂದು ಥರ.

ಹಾಗಾಗಿ ಪ್ಲಾಕ್ ಪರೀಕ್ಷೆಗೆ ಇಳಿದೆ: ವೈರಸ್ ಕೋಶಗಳನ್ನು ಕೊಂದು ಮಾಡುವ ತೂತುಗಳೇ (ಪ್ಲಾಕ್) ಸೀರಮ್‌ನಿಂದ ಎಷ್ಟು ಕಡಿಮೆಯಾದವು ಎಂದು ಎಣಿಸುವುದು. ಸೀರಮನ್ನು 56 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ಎರಡೆರಡು ಪಟ್ಟು ತೆಳು ಮಾಡುತ್ತಾ ಹೋಗಿ, ಪ್ರತಿಯೊಂದಕ್ಕೂ ಅಳೆದ ವೈರಸ್ ಬೆರೆಸಿ 37 ಡಿಗ್ರಿಯಲ್ಲಿ ಒಂದು ಗಂಟೆ. ಆಮೇಲೆ ಪ್ಲೇಟಿನಲ್ಲಿ ಬೆಳೆಸಿದ ವೆರೊ ಕೋಶಗಳ (ಕೋತಿಯ ಮೂತ್ರಪಿಂಡದವು) ಮೇಲೆ. ಅದರ ಮೇಲೆ ಅಗರೋಸ್ ಎಂಬ ಜೆಲ್ಲಿಯ ಪದರ ಸುರಿಯಬೇಕು; ಮೊದಲ ಸಲ ಅದು ಆರುವ ಮುಂಚೆಯೇ ಸುರಿದೆ. ಕೋಶಗಳು ಹಾಳೆಯಂತೆ ಎದ್ದುಬಂದವು, ಪ್ಲೇಟು ಸೀದಾ ಆಟೋಕ್ಲೇವಿಗೆ. ಈಗ ಬಾಟಲಿಯನ್ನು 42 ಡಿಗ್ರಿ ನೀರಿನಲ್ಲಿ ನಿಲ್ಲಿಸಿಟ್ಟೇ ಸುರಿಯುವುದು. ಕೆಲವು ದಿನದ ಮೇಲೆ ಕ್ರಿಸ್ಟಲ್ ವಯಲೆಟ್ ಹಾಕಿ ತೊಳೆದರೆ ನೇರಳೆ ಹಾಸಿನಲ್ಲಿ ಬಿಳಿ ತೂತುಗಳು. ಡೆಂಗಿಯದು ಪುಟ್ಟದು, ವೆಸ್ಟ್ ನೈಲ್‌ನದು ದೊಡ್ಡದು. ಎಣಿಸಿದ್ದನ್ನೇ ಎಣಿಸದಂತೆ ಪ್ಲೇಟಿನ ಅಡಿಗೆ ಪೆನ್ನಿನಿಂದ ಚುಕ್ಕೆ ಇಡುತ್ತೇನೆ.

ಆ ಸೀರಮ್ ಡೆಂಗಿಯ ತೂತುಗಳಲ್ಲಿ ನೂರಕ್ಕೆ ತೊಂಬತ್ತನ್ನು 320 ಪಟ್ಟು ತೆಳುವಾದರೂ ತಡೆಯಿತು. ಝಿಕಾವನ್ನು 20 ಪಟ್ಟಿನವರೆಗೆ ಮಾತ್ರ ತಡೆಯಿತು. ನಾಲ್ಕು ಪಟ್ಟು ವ್ಯತ್ಯಾಸವಿದ್ದರೆ ಸಾಕು, ಇಲ್ಲಿ ಹದಿನಾರು. ಡೆಂಗಿಯೇ. ಬೀಗಿದೆ.

ಮುಂದಿನ ವಾರದ ಸೀರಮ್ ಆ ಜಂಬವನ್ನು ಇಳಿಸಿತು: ಡೆಂಗಿಗೆ 640, ಝಿಕಾಗೂ 640. ವಿಚಾರಿಸಿದರೆ ಆ ರೋಗಿಗೆ ಹಿಂದೊಮ್ಮೆ ಡೆಂಗಿ ಬಂದಿತ್ತು. ಹೊಸ ವೈರಸ್ ಹೊಕ್ಕರೂ ದೇಹ ಹಳೆಯ ನೆನಪಿನ ಪ್ರತಿಕಾಯವನ್ನೇ ಮೊದಲು ಹೊರತರುತ್ತದೆ. ಚಾರ್ಲ್ಸ್ ಕ್ಯಾಲಿಷರ್ ಮತ್ತು ಸಂಗಡಿಗರು 1989ರಲ್ಲಿ ಇಂಥ ಪರೀಕ್ಷೆಯಿಂದಲೇ ಈ ವೈರಸ್‌ಗಳನ್ನು ಗುಂಪು ಮಾಡಿದ್ದರು: ನಾಲ್ಕು ಡೆಂಗಿಗಳು ಒಂದು ಕಡೆ, ಜಪಾನೀಸ್ ಎನ್ಸೆಫಲೈಟಿಸ್ ಜೊತೆ ವೆಸ್ಟ್ ನೈಲ್ ಇನ್ನೊಂದು ಕಡೆ, ಹಳದಿ ಜ್ವರ ಒಂಟಿ. ಅವರ ಕೈಯಲ್ಲಿದ್ದದ್ದು ಒಂದೊಂದೇ ವೈರಸ್ ಕೊಟ್ಟು ತಯಾರಿಸಿದ ಸೀರಮ್. ನಮಗೆ ಬರುವ ರಕ್ತ ಅಷ್ಟು ಶುದ್ಧವಲ್ಲ.

‘ಫ್ಲೇವಿವೈರಸ್ ಸೋಂಕು, ಯಾವುದೆಂದು ಹೇಳಲಾಗದು’ ಅಂತ ರಿಪೋರ್ಟ್ ಕಳಿಸಿದೆ. ‘ಒಂದು ಹೆಸರು ಹೇಳಿಬಿಡಿ ಅಂದ್ರೆ’ ಅಂತ ಡಾಕ್ಟರು ಫೋನಿನಲ್ಲೇ ರೇಗಿದರು. ಹೇಳಲಿಲ್ಲ. ಹಿಂದೆ ಡೆಂಗಿ ಬಂದಿತ್ತೇ, ಹಳದಿ ಜ್ವರದ ಅಥವಾ ಜಪಾನೀಸ್ ಎನ್ಸೆಫಲೈಟಿಸ್ ಲಸಿಕೆ ಆಗಿದೆಯೇ ಎಂಬ ಸಾಲುಗಳು ಈಗ ನಮ್ಮ ಸ್ಯಾಂಪಲ್ ಫಾರಂನಲ್ಲೇ ಇವೆ. ಅವು ಖಾಲಿ ಬಂದರೆ ಪ್ಲೇಟ್ ಹಚ್ಚುವ ಮುಂಚೆ ನಾನೇ ಫೋನ್ ಮಾಡುತ್ತೇನೆ.