ಜೂನ್‌ಗೂ ದುಡ್ಡು ಇರಲಿ: ಏರಿಳಿಯುವ ಕೂಲಿಯಲ್ಲಿ ಮನೆ ನಡೆಸುವುದು ಹೇಗೆ?

ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯುವ ಮನೆಗಳಿಗೆ ಜೂನ್ ಅಂದರೆ ಎದೆ ಡವಡವ. ಮಳೆ ಹಿಡಿಯಿತು ಅಂದರೆ ಬೇಯಿಸಿದ ಭತ್ತ ಒಣಗುವುದಿಲ್ಲ. ಭತ್ತ ಒಣಗದಿದ್ದರೆ ಭಟ್ಟಿಯಲ್ಲಿ ಕೆಲಸ ಕಡಿಮೆ. ಗಾರೆ ಕೆಲಸದವರದ್ದೂ ಇದೇ ಪಾಡು. ಅದೇ ಹೊತ್ತಿಗೆ ಶಾಲೆ ಶುರು. ಫೀಸು, ಯೂನಿಫಾರ್ಮು, ನೋಟ್‌ಬುಕ್ಕು, ಶೂ ಎಲ್ಲ ಒಟ್ಟಿಗೇ ಬರುತ್ತವೆ.

ಕೂಲಿ ಮಾಡುವವರಿಗೆ ಬುದ್ಧಿ ಹೇಳುವವರು ಬೇಕಾದಷ್ಟು ಜನ. ಟೀ ಬಿಡಿ, ಎಲೆ-ಅಡಿಕೆ ಬಿಡಿ ಅಂತಾರೆ. ನಾನು ಆ ಮಾತಿಗೆ ಹೋಗುವುದಿಲ್ಲ. ಟೀ ಬಿಟ್ಟು ಸಾಲ ತೀರಿಸಿದವರನ್ನು ನಾನಂತೂ ಕಂಡಿಲ್ಲ. ಕೂಲಿ ಕಡಿಮೆ ಇರುವುದು ಒಂದು ಕಷ್ಟ. ಒಂದು ತಿಂಗಳು ಬಂದ ಕೂಲಿ ಇನ್ನೊಂದು ತಿಂಗಳು ಬಾರದಿರುವುದು ಅದಕ್ಕಿಂತ ದೊಡ್ಡ ಕಷ್ಟ. ಬಡ್ಡಿಯವರು ಮನೆಯೊಳಗೆ ಕಾಲಿಡುವುದು ಆ ಸಂದಿನಲ್ಲೇ. ಅದನ್ನು ಮುಚ್ಚುವುದಕ್ಕೆ ಏನೇನು ಮಾಡಬಹುದು, ನೋಡೋಣ.

ಮೊದಲು: ವರ್ಷದ ಲೆಕ್ಕ ಹಾಕಿ

ತಿಂಗಳ ಲೆಕ್ಕ ನಮ್ಮ ಕೂಲಿಗೆ ಹೊಂದುವುದಿಲ್ಲ. ಹಳೇ ಕ್ಯಾಲೆಂಡರ್ ತೆಗೆದುಕೊಳ್ಳಿ. ಹೋದ ವರ್ಷ ಯಾವ ತಿಂಗಳು ಎಷ್ಟು ಬಂತು ಅಂತ ಗಂಡ-ಹೆಂಡತಿ ಇಬ್ಬರೂ ಕೂತು ನೆನಪು ಮಾಡಿ ಬರೆಯಿರಿ. ಒಬ್ಬರೇ ಬರೆದರೆ ಲೆಕ್ಕ ತಪ್ಪುತ್ತದೆ, ಆಮೇಲೆ ಜಗಳವೂ ಆಗುತ್ತದೆ.

ಒಂದು ಉದಾಹರಣೆ ನೋಡಿ. ಅಕ್ಟೋಬರ್‌ನಿಂದ ಮೇವರೆಗೆ ಎಂಟು ತಿಂಗಳು ಮನೆಗೆ 18,000 ಬರುತ್ತದೆ ಅಂದುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 10,000 ಮಾತ್ರ. ವರ್ಷಕ್ಕೆ 1,84,000 ಆಯಿತು. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 15,333. ಅಂದರೆ ಈ ಮನೆ ತನಗೆ ತಾನೇ 15,000 ಸಂಬಳ ಕೊಟ್ಟುಕೊಳ್ಳಬೇಕು. ಒಳ್ಳೇ ತಿಂಗಳಲ್ಲಿ 3,000 ಎತ್ತಿಟ್ಟರೆ ಎಂಟು ತಿಂಗಳಿಗೆ 24,000. ಮಳೆಗಾಲದ ನಾಲ್ಕು ತಿಂಗಳಿಗೆ ಕಡಿಮೆ ಬೀಳುವುದು 20,000. ಇನ್ನೂ 4,000 ಮಿಗುತ್ತದೆ.

ಗೊತ್ತಿರುವ ಖರ್ಚುಗಳನ್ನೂ ಅದೇ ಕ್ಯಾಲೆಂಡರ್‌ನಲ್ಲಿ ಬರೆಯಿರಿ. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ ಅಂತ ಊರಿಗೇ ಗೊತ್ತು. ನೆಂಟರು ಬರುತ್ತಾರೆ, ಅಡುಗೆ ಆಗಬೇಕು, ಬಟ್ಟೆ ಆಗಬೇಕು. ಆದರೂ ಹಬ್ಬದ ಹಿಂದಿನ ವಾರ ಕೈಗಡಕ್ಕೆ ಓಡಾಡುತ್ತೇವೆ, ಅಲ್ವಾ? ಮಿಕ್ಕ 4,000ದಿಂದ ಹಬ್ಬದ ಗಂಟು ಕಟ್ಟಲು ಶುರು ಮಾಡಿ.

ಆಮೇಲೆ: ದುಡ್ಡನ್ನು ಕೈಯಿಂದ ದಾಟಿಸಿ

ತಿಂಗಳಿಗೆ 3,000 ಅಂದರೆ ದಿನಕ್ಕೆ 100. ದಿನಗೂಲಿಯವರಿಗೆ ಇದಕ್ಕೆ ಪಿಗ್ಮಿಗಿಂತ ಸಲೀಸಾದ ದಾರಿ ನನಗೆ ಕಾಣುವುದಿಲ್ಲ. ಇದು ನಮ್ಮ ನಾಡಿನಲ್ಲೇ ಹುಟ್ಟಿದ್ದು. ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಉಡುಪಿಯ ಬ್ಯಾಂಕ್ 1928ರಲ್ಲಿ ದಿನಕ್ಕೆ ಎರಡಾಣೆ ಕಟ್ಟಿಸಿಕೊಂಡು ಶುರು ಮಾಡಿತು. ಏಜೆಂಟ್ ಬಾಗಿಲಿಗೇ ಬರುತ್ತಾರೆ. ಕೂಲಿ ಕೈಗೆ ಬಂದ ದಿನವೇ ಕಟ್ಟಬಹುದು.

ಮೂರು ವಿಷಯ ನೋಡಿಕೊಳ್ಳಿ. ಕಟ್ಟಿದ ಕೂಡಲೇ ರಸೀದಿ ಅಥವಾ ಮೆಸೇಜ್ ಬರಬೇಕು. ಪಾಸ್‌ಬುಕ್ ನಿಮ್ಮ ಹತ್ತಿರವೇ ಇರಬೇಕು. ಅವಧಿಗೆ ಮೊದಲೇ ತೆಗೆದರೆ ಎಷ್ಟು ಕೈಗೆ ಬರುತ್ತದೆ ಅಂತ ಖಾತೆ ತೆರೆಯುವಾಗಲೇ ಕೇಳಬೇಕು. ಇನ್ನೊಂದು ಮಾತು. ಬ್ಯಾಂಕಿನಲ್ಲಿಟ್ಟ ಹಣಕ್ಕೆ 5 ಲಕ್ಷದವರೆಗೆ ಠೇವಣಿ ವಿಮೆ ಇರುತ್ತದೆ. ಸಹಕಾರಿ ಬ್ಯಾಂಕ್‌ಗೂ ಇದೆ. ಪತ್ತಿನ ಸಹಕಾರ ಸಂಘಗಳಿಗೆ ಇಲ್ಲ. ಬೋರ್ಡಿನ ಮೇಲೆ ಬ್ಯಾಂಕ್ ಅಂತಿದೆಯೋ ಸಂಘ ಅಂತಿದೆಯೋ ಓದಿ ಒಳಗೆ ಹೋಗಿ.

ಚೀಟಿ ಬಗ್ಗೆ ನನ್ನದೇ ಕಥೆ ಇದೆ. ನಮ್ಮ ಓಣಿಯ ಒಂದು ಚೀಟಿಗೆ ಹದಿನೆಂಟು ಕಂತು ಕಟ್ಟಿದ್ದೆ. ಹತ್ತೊಂಬತ್ತನೆಯದು ಕಟ್ಟಲು ಹೋದರೆ ಮನೆಗೆ ಬೀಗ. ಕೈಯಲ್ಲಿ ಒಂದು ಚೂರು ಕಾಗದವೂ ಇರಲಿಲ್ಲ. 1982ರ ಚೀಟಿ ಕಾಯ್ದೆಯಡಿ ನೋಂದಣಿ ಆದ ಚೀಟಿಗೆ ಒಪ್ಪಂದ ಪತ್ರ ಇರುತ್ತದೆ, ನಡೆಸುವವರ ಕಮಿಷನ್ 7 ಪರ್ಸೆಂಟ್ ದಾಟುವಂತಿಲ್ಲ. ಪತ್ರ ಇಲ್ಲದ ಚೀಟಿಗೆ ಸೇರಬೇಡಿ. ನಡೆಸುವವರು ಎಷ್ಟೇ ಒಳ್ಳೆಯವರಾದರೂ ಅಷ್ಟೇ.

ಗೃಹಲಕ್ಷ್ಮಿಯ 2,000 ಬರುತ್ತಿದ್ದರೆ ಸಂತೋಷ. ಆದರೆ ಅದನ್ನು ನಂಬಿ ಯಾವ ಕಂತಿಗೂ ಒಪ್ಪಿಕೊಳ್ಳಬೇಡಿ. ಅದು ಒಮ್ಮೊಮ್ಮೆ ತಡವಾಗುತ್ತದೆ, ಕಂತು ತಡವಾಗುವುದಿಲ್ಲ.

ಸಾಲ ಇದ್ದರೆ: ಯಾವುದು ಮೊದಲು?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಬಡ್ಡಿಯ ಭಾಷೆಯಲ್ಲೇ ಮೋಸ ಅಡಗಿದೆ.

"ನೂರಕ್ಕೆ ಮೂರು ರೂಪಾಯಿ" ಅಂದರೆ ಸಣ್ಣದು ಅನ್ನಿಸುತ್ತದೆ. ಅದು ತಿಂಗಳಿನದು. ವರ್ಷಕ್ಕೆ 36 ಪರ್ಸೆಂಟ್ ಆಯಿತು. ದಿನದ ಬಡ್ಡಿಯವರು ಹತ್ತು ಸಾವಿರ ಅಂತ ಬರೆದುಕೊಂಡು ಒಂಬತ್ತು ಸಾವಿರ ಕೈಗೆ ಕೊಡುತ್ತಾರೆ. ದಿನಾ ನೂರರಂತೆ ನೂರು ದಿನ ಕಟ್ಟಬೇಕು. ಬರೀ ಸಾವಿರ ಜಾಸ್ತಿ ತಾನೇ ಅಂತೀರಿ. ಆದರೆ ಒಂಬತ್ತು ಸಾವಿರ ನೂರು ದಿನವೂ ನಿಮ್ಮ ಕೈಯಲ್ಲಿ ಇರುವುದಿಲ್ಲ. ದಿನಾ ಕರಗುತ್ತಾ ಹೋಗುತ್ತದೆ. ಸರಾಸರಿ ನಾಲ್ಕೂವರೆ ಸಾವಿರ ಇಟ್ಟುಕೊಂಡಿದ್ದಕ್ಕೆ ನೂರು ದಿನಕ್ಕೆ ಸಾವಿರ ಬಡ್ಡಿ. ವರ್ಷದ ಲೆಕ್ಕದಲ್ಲಿ ಅದು ಹತ್ತಿರ ಹತ್ತಿರ 80 ಪರ್ಸೆಂಟ್.

ಫ್ಲಾಟ್ ರೇಟ್ ಅನ್ನುವುದೂ ಇದೇ ಜಾತಿಯದು. ಅಸಲು ಇಳಿಯುತ್ತಾ ಬಂದರೂ ಬಡ್ಡಿ ಮೊದಲಿನ ಪೂರ್ತಿ ಮೊತ್ತಕ್ಕೇ ಹಾಕುತ್ತಾರೆ. ಒಂದು ವರ್ಷದ ತಿಂಗಳ ಕಂತಿನ ಸಾಲಕ್ಕೆ 12 ಫ್ಲಾಟ್ ಅಂದರೆ ನಿಜದಲ್ಲಿ 21ರ ಮೇಲೆ.

ಹಾಗಾಗಿ ಸಾಲಗಳನ್ನೆಲ್ಲ ವರ್ಷದ ಬಡ್ಡಿಗೆ ತಿರುಗಿಸಿ ಬರೆಯಿರಿ. ಮೇಲಿರುವುದನ್ನು ಮೊದಲು ತೀರಿಸಿ, ಉಳಿದವಕ್ಕೆ ಕಂತು ಮಾತ್ರ ಕಟ್ಟಿ. ಮನೆಯಲ್ಲಿ ತುಸು ಬಂಗಾರ ಇದ್ದರೆ ಬ್ಯಾಂಕಿನಲ್ಲಿಟ್ಟು ದಿನದ ಬಡ್ಡಿ ಸಾಲ ಮುಗಿಸಿ. ಬಂಗಾರ ಅಡ ಇಡುವುದು ನಾಚಿಕೆ ಅನ್ನುವವರಿದ್ದಾರೆ. 80 ಪರ್ಸೆಂಟ್ ಕಟ್ಟುವುದಕ್ಕಿಂತ ಇದು ವಾಸಿ. ಮಹಿಳಾ ಸಂಘದ ಒಳಸಾಲ ಸಿಕ್ಕರೆ ಇನ್ನೂ ಒಳ್ಳೆಯದು, ಅಲ್ಲಿ ಬಡ್ಡಿ ಸಂಘದೊಳಗೇ ಉಳಿಯುತ್ತದೆ.

ಮೈಕ್ರೋ ಫೈನಾನ್ಸ್ ಸಾಲಕ್ಕೆ ರಿಸರ್ವ್ ಬ್ಯಾಂಕಿನ 2022ರ ನಿಯಮಗಳಿವೆ. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಅಡಮಾನ ಕೇಳುವಂತಿಲ್ಲ. ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಬರುವಂತಿಲ್ಲ. ಮನೆ ಮುಂದೆ ಕೂತು ಮಾನ ಕಳೆಯುವವರಿಗೆ 2025ರಲ್ಲಿ ರಾಜ್ಯ ಸರ್ಕಾರ ತಂದ ಕಾನೂನಿನಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಹೆದರಬೇಡಿ, ಪೊಲೀಸ್ ಠಾಣೆಗೆ ಹೋಗಿ.

ಮೇ ಕೊನೆಯ ವಾರ: ಖಾತೆಯಲ್ಲಿ 456 ಇರಲಿ

ದುಡಿಯುವ ಕೈಗೆ ಏನಾದರೂ ಆದರೆ ಮೇಲಿನ ಲೆಕ್ಕವೆಲ್ಲ ನೀರುಪಾಲು. ಅದಕ್ಕೇ ಬ್ಯಾಂಕ್ ಖಾತೆಯ ಮೂಲಕ ಸೇರುವ ಕೇಂದ್ರ ಸರ್ಕಾರದ ಎರಡು ವಿಮೆಗಳಿವೆ. ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರಿಗೆ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಜೀವನ್ ಜ್ಯೋತಿ ವರ್ಷಕ್ಕೆ 436 ರೂಪಾಯಿ. 18ರಿಂದ 50ರೊಳಗೆ ಸೇರಬೇಕು, ಸಾವು ಹೇಗೇ ಬಂದರೂ 2 ಲಕ್ಷ. ಹೊಸದಾಗಿ ಸೇರಿದವರಿಗೆ ಮೊದಲ 30 ದಿನ ಅಪಘಾತದ ಸಾವಿಗೆ ಮಾತ್ರ.

ಇವುಗಳ ವರ್ಷ ಜೂನ್ 1ಕ್ಕೆ ಶುರು. ಕಂತು ಮೇ ಕೊನೆಯಲ್ಲಿ ಖಾತೆಯಿಂದ ತಾನೇ ಕಡಿತ ಆಗುತ್ತದೆ. ಶಾಲೆ ಫೀಸಿಗೆ ಅಂತ ಖಾತೆ ಬರಿದು ಮಾಡಿದವರ ವಿಮೆ ಆಗಲೇ ನಿಂತುಹೋಗುವುದು. ಎರಡು ಬ್ಯಾಂಕಿನಲ್ಲಿ ಕಡಿತ ಆಗುತ್ತಿದ್ದರೆ ಒಂದನ್ನು ನಿಲ್ಲಿಸಿ, ಪರಿಹಾರ ಒಂದಕ್ಕೇ ಸಿಗುವುದು.

ಕಾಗದಪತ್ರ

ಗಾರೆ ಕೆಲಸದವರು ವರ್ಷದಲ್ಲಿ 90 ದಿನ ದುಡಿದಿದ್ದರೆ ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ಮಾಡಿಸಬಹುದು. ಬಿಪಿಎಲ್ ಮನೆಯವರಿಗೆ ಆಯುಷ್ಮಾನ್ ಕಾರ್ಡಿನಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಇಎಸ್‌ಐ (ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ) ಇರುವ ಕಡೆ ಕೆಲಸಕ್ಕೆ ಹೋಗುವವರು, ಸಂಬಳ 21,000ದೊಳಗಿದ್ದರೆ, ನಿಮ್ಮಿಂದ ಮುರಿಯುವುದು 0.75 ಪರ್ಸೆಂಟ್ ಮಾತ್ರ. ಮುರಿಯುತ್ತಿದ್ದಾರೆಯೇ ಅಂತ ಸಂಬಳದ ಚೀಟಿ ಕೇಳಿ ನೋಡಿ. ಹತ್ತು ವರ್ಷದೊಳಗಿನ ಮಗಳಿದ್ದರೆ ಪೋಸ್ಟಾಫೀಸಿನಲ್ಲಿ ಸುಕನ್ಯಾ ಸಮೃದ್ಧಿ, ವರ್ಷಕ್ಕೆ 250 ಕಟ್ಟಿದರೂ ಖಾತೆ ನಡೆಯುತ್ತದೆ.

ಕೊನೆಗೆ ಒಂದು ಸಣ್ಣ ಕೆಲಸ. ಪಾಸ್‌ಬುಕ್ ಎಂಟ್ರಿ ಹಾಕಿಸಿ, 20 ಮತ್ತು 436 ಕಡಿತ ಆಗಿದೆಯೇ, ನಾಮಿನಿ ಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಇದೆಯೇ ನೋಡಿ. ಸೋಮವಾರ ಬೇಡ, ಕ್ಯೂ ಜಾಸ್ತಿ ಇರುತ್ತದೆ. ಬುಧವಾರ ಮಧ್ಯಾಹ್ನ ಹೋಗಿ.